ಅಟ್ಟದ ಮೇಲಿನ ಡಾಂಗಲ್ಲು

ಮೊನ್ನೆ ಆಯುಧಪೂಜೆಗೆ ಊರಿಗೆ ಹೋದಾಗ ಹಳೇ ಮೇಜಿನ ಡ್ರಾಯರ್ ಖಾಲಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ತುಕ್ಕು ಹಿಡಿದ ಬೀಗದಕೈಗಳು, ನಿಂತುಹೋದ ಎರಡು ವಾಚು, ಅಡಿಕೆ ಮಂಡಿಯ ಹಳೇ ಪಟ್ಟಿಗಳು, ತೆಳು ಪಿನ್ನಿನ ನೋಕಿಯಾ ಚಾರ್ಜರ್ರು... ಎಲ್ಲದರ ಅಡಿಯಲ್ಲಿ ರಬ್ಬರ್ ಬ್ಯಾಂಡ್ ಸುತ್ತಿದ ಒಂದು ಪ್ಲಾಸ್ಟಿಕ್ ಕವರು. ಒಳಗೆ ಹೆಬ್ಬೆರಳಿಗಿಂತ ಸ್ವಲ್ಪ ಉದ್ದದ, ಬಿಳಿ ಹೋಗಿ ಹಳದಿಯಾದ ಒಂದು ಸಾಮಾನು. ಮುಚ್ಚಳ ಯಾವತ್ತೋ ಕಳೆದುಹೋಗಿದೆ.

ಅಕ್ಕನ ಮಗಳು ಅದನ್ನು ಕೈಗೆ ತಗೊಂಡು ತಿರುಗಿಸಿ ತಿರುಗಿಸಿ ನೋಡಿದಳು.

"ಮಾವ, ಇದು ಪೆನ್‌ಡ್ರೈವಾ? ಎಷ್ಟು ಜಿಬಿ?"

"ಅಲ್ವೇ, ಇದು ಇಂಟರ್‌ನೆಟ್ಟು" ಅಂದೆ.

ಅವಳು ನಕ್ಕಳು. ನಲ್ಲಿಯನ್ನು ತೋರಿಸಿ ಇದು ಹೊಳೆ ಅಂದಂಗಾಯ್ತು ನನ್ನ ಮಾತು. ಆದರೆ 2009ರ ಮಳೆಗಾಲದಲ್ಲಿ ನಮ್ಮ ಮನೆಗೆ ಇಂಟರ್‌ನೆಟ್ ಅಂದರೆ ಇದೊಂದೇ. ಇದನ್ನು ನಂಬಿಕೊಂಡು ಮೂರು ತಿಂಗಳು ನಾನು ಕೆಲಸ ಉಳಿಸಿಕೊಂಡಿದ್ದೆ. ಆ ಕತೆ ಹೇಳೋಣ ಅಂತಲೇ ಕೂತಿದ್ದು. ಆದರೆ ಈ ಪುಟ್ಟ ಸಾಮಾನಿಗೂ ಅದರದ್ದೇ ಒಂದು ವಂಶಾವಳಿ ಇದೆ. ಅದನ್ನು ಬಿಟ್ಟು ನನ್ನ ಪುರಾಣ ಮಾತ್ರ ಹೇಳಿದರೆ ಸರಿಯಾಗಲ್ಲ.

* * *

ಮಾಡೆಮ್ ಅನ್ನೋದು ಎರಡು ಶಬ್ದಗಳ ಕಸಿ. ಮಾಡ್ಯುಲೇಟರ್ ಮತ್ತು ಡಿಮಾಡ್ಯುಲೇಟರ್. ಕಂಪ್ಯೂಟರಿನ ಸೊನ್ನೆ-ಒಂದುಗಳನ್ನು ತಂತಿಯಲ್ಲಿ ಹೋಗಬಲ್ಲ ದನಿಯಾಗಿ ಮಾಡೋದು, ಆ ಕಡೆಯಿಂದ ಬಂದ ದನಿಯನ್ನು ಮತ್ತೆ ಸೊನ್ನೆ-ಒಂದು ಮಾಡೋದು, ಇಷ್ಟೇ ಕೆಲಸ. ಅಮೆರಿಕದ ಎ.ಟಿ. ಅಂಡ್ ಟಿ. ಕಂಪನಿ ಅರವತ್ತರ ದಶಕದ ಶುರುವಿನಲ್ಲಿ ತಂದ ಬೆಲ್ 103 ಎಂಬ ಮಾಡೆಮ್ ಸೆಕೆಂಡಿಗೆ 300 ಬಿಟ್ ಕಳಿಸುತ್ತಿತ್ತು. ಅಂದರೆ ಸೆಕೆಂಡಿಗೆ ಇಂಗ್ಲಿಷಿನ 30 ಅಕ್ಷರ. ನಮ್ಮ ಯೂನಿಕೋಡ್ ಕನ್ನಡದಲ್ಲಿ, ಯು.ಟಿ.ಎಫ್-8 ರೂಪದಲ್ಲಿ, ಪ್ರತಿಯೊಂದು ಅಕ್ಷರಕ್ಕೂ, ಕಾಗುಣಿತದ ಪ್ರತಿಯೊಂದು ಗುರುತಿಗೂ 3 ಬೈಟು ಬೇಕು. ಆ ಲೆಕ್ಕದಲ್ಲಿ "ಕನ್ನಡ" ಅನ್ನೋ ಪದ ಒಂದೇ 15 ಬೈಟು, ಅರ್ಧ ಸೆಕೆಂಡು! ನಾವು ಬರೆಯೋ ಉದ್ದುದ್ದ ಬರಹಗಳನ್ನು ಬೆಲ್ 103ರಲ್ಲಿ ಕಳಿಸಿದ್ದರೆ ಓದುವವರು ಕಾಫಿ ಕುಡಿದು ಬಂದು ಕೂರಬೇಕಿತ್ತು.

ಆಮೇಲೆ 1981ರಲ್ಲಿ ಡೆನಿಸ್ ಹೇಯ್ಸ್ ಅವರ ಕಂಪನಿ ಸ್ಮಾರ್ಟ್‌ಮಾಡೆಮ್ ಅಂತ ಒಂದನ್ನು ತಂದಿತು. ವೇಗ ಅದೇ 300 ಬಿಟ್. ಆದರೆ ಅದರ ಜಾಣತನ ಬೇರೆ. ಅಲ್ಲಿಯವರೆಗೆ ಸಾಮಾನ್ಯವಾಗಿ ಫೋನಿನ ಡಯಲ್ಲು ಕೈಯಲ್ಲಿ ತಿರುಗಿಸಿ, ಆಮೇಲೆ ಮಾಡೆಮ್ಮಿಗೆ ಕೊಡಬೇಕಿತ್ತು. ಇದಕ್ಕೆ ಕಂಪ್ಯೂಟರಿನಿಂದಲೇ ಅಪ್ಪಣೆ ಕೊಡಬಹುದಿತ್ತು. ಅಪ್ಪಣೆಗಳೆಲ್ಲ ಎ, ಟಿ ಎಂಬ ಎರಡು ಅಕ್ಷರದಿಂದ ಶುರುವಾಗುತ್ತವೆ. ಎ.ಟಿ. ಅಂದರೆ ಅಟೆನ್ಷನ್. ಸ್ಕೂಲಲ್ಲಿ ಡ್ರಿಲ್ ಮೇಷ್ಟ್ರು "ಸಾವಧಾನ್!" ಅಂತ ಕೂಗಿ ಆಮೇಲೆ ಮುಂದಿನ ಮಾತು ಹೇಳ್ತಿದ್ದರಲ್ಲ, ಹಾಗೇ. ಎ.ಟಿ.ಡಿ.ಟಿ. ಅಂದು ನಂಬರ್ ಕೊಟ್ಟರೆ ಡಯಲ್ ಮಾಡು ಅಂತ.

ಈ ಹಳೇ ಭಾಷೆಯನ್ನು ಯಾಕೆ ಹೇಳ್ತಿದೀನಿ ಅಂದರೆ, ನನ್ನ ಕೈಯಲ್ಲಿದ್ದ ಆ ಹಳದಿ ಡಾಂಗಲ್ಲಿನ ಹೊಟ್ಟೆಯೊಳಗೂ ಇದೇ ಭಾಷೆ ಇತ್ತು. ತಂತಿ ಹೋಯ್ತು, ಕೀಂ ಕೀಂ ಶಬ್ದ ಹೋಯ್ತು. ಎ.ಟಿ. ಮಾತ್ರ ಹೋಗಲಿಲ್ಲ. ಇವತ್ತಿನ ಮೊಬೈಲ್ ಮಾಡೆಮ್‌ಗಳಿಗೂ ಅದು ಅರ್ಥವಾಗುತ್ತದೆ.

* * *

ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿ.ಎಸ್.ಎನ್.ಎಲ್. ಮೂಲಕ. 1998ರ ನವೆಂಬರಿನಲ್ಲಿ ಖಾಸಗಿಯವರಿಗೂ ಬಾಗಿಲು ತೆರೆಯಿತು. 2000ದ ಅಕ್ಟೋಬರ್ 1ಕ್ಕೆ ಬಿ.ಎಸ್.ಎನ್.ಎಲ್. ಹುಟ್ಟಿತು. ಅದರ ಸಂಚಾರ್‌ನೆಟ್ಟಿನ 172233 ಅನ್ನೋ ನಂಬರ್ ನಿಮ್ಮಲ್ಲಿ ಹಲವರಿಗೆ ಇವತ್ತೂ ಬಾಯಿಪಾಠ ಇರಬಹುದು. ನನಗಂತೂ ಇದೆ.

ಆದರೆ ಹಳ್ಳಿಮನೆಗಳ ಕತೆ ಶುರುವಾಗೋದು ಅದಕ್ಕಿಂತ ಮುಂಚೆ, ಎಕ್ಸ್‌ಚೇಂಜುಗಳಿಂದ. 1984ರಲ್ಲಿ ಶುರುವಾದ ಸಿ-ಡಾಟ್ ಸಂಸ್ಥೆ ನಮ್ಮ ಹಳ್ಳಿಗಳಿಗೆಂದೇ 128 ಲೈನಿನ ಒಂದು ಪುಟ್ಟ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜ್ ತಯಾರಿಸಿತು. ಹೊರದೇಶದ ಎಕ್ಸ್‌ಚೇಂಜುಗಳಿಗೆ ಏಸಿ ಕೋಣೆ ಬೇಕಿತ್ತು. ಇದಕ್ಕೆ ಬೇಡ, ಸೆಕೆಗೂ ಧೂಳಿಗೂ ಜಗ್ಗದ ಹಾಗೆ ಮಾಡಿದ್ದರು. ಅಂಥ ಮೊದಲನೇ ಎಕ್ಸ್‌ಚೇಂಜ್ ಕೂತಿದ್ದು ಎಲ್ಲಿ ಗೊತ್ತಾ? ನಮ್ಮ ಕಿತ್ತೂರಿನಲ್ಲಿ, 1986ರಲ್ಲಿ. ಚೆನ್ನಮ್ಮನ ಕಿತ್ತೂರೇ. ಆಮೇಲೆ ಊರೂರಿಗೆ ಬಂದ ಎಸ್‌ಟಿಡಿ ಬೂತು, ಮನೆಮನೆಯ ಲ್ಯಾಂಡ್‌ಲೈನುಗಳ ಹಿಂದೆ ಇರೋದು ಈ ಕೆಲಸ.

ನಮ್ಮ ಮನೆಗೂ ಹಾಗೇ ಲ್ಯಾಂಡ್‌ಲೈನ್ ಬಂತು. ತೋಟದ ಮೇಲಿಂದ, ಗದ್ದೆಯ ಅಂಚಿನಿಂದ, ಮರದಿಂದ ಮರಕ್ಕೆ ಹಾದು ಬಂದ ತಂತಿ ಅದು. ಮಳೆಗಾಲದಲ್ಲಿ ಅಡಿಕೆಯ ಹೆಡಲು ಬಿದ್ದರೆ ಸಾಕು, ಫೋನ್ ಸತ್ತಿತು ಅಂತಲೇ. ಆ ತಂತಿಯಲ್ಲಿ ಡಯಲಪ್ ಹಾಕಿದರೆ 56 ಕೆಬಿಪಿಎಸ್ ಅನ್ನೋದು ಡಬ್ಬದ ಮೇಲಿನ ಮಾತು. ನಮಗೆ ಸಿಗ್ತಿದ್ದದ್ದು ಅದರ ಅರ್ಧ, ಅದೂ ಗಾಳಿ ಬೀಸದಿದ್ದರೆ.

2005ರ ಜನವರಿಯಲ್ಲಿ ಬಿ.ಎಸ್.ಎನ್.ಎಲ್.ನ ಡೇಟಾವನ್ ಬಂತು. ಹಿಂದಿನ ವರ್ಷದ ಬ್ರಾಡ್‌ಬ್ಯಾಂಡ್ ನೀತಿಯಲ್ಲಿ ಸರ್ಕಾರ 256 ಕೆಬಿಪಿಎಸ್ ಇದ್ದರೆ ಅದು ಬ್ರಾಡ್‌ಬ್ಯಾಂಡ್ ಅಂತ ಹೇಳಿಯಾಗಿತ್ತು. ಪೇಟೆಯ ಗೆಳೆಯರು ರಾತ್ರಿ ಎರಡಕ್ಕೆ ಅಲಾರಂ ಇಟ್ಟು ಎದ್ದು ಡೌನ್‌ಲೋಡಿಗೆ ಹಾಕಿ ಮಲಗ್ತಿದ್ದರು, ಕೆಲವು ಪ್ಲಾನುಗಳಲ್ಲಿ ಎರಡರಿಂದ ಎಂಟರವರೆಗೆ ಲೆಕ್ಕಕ್ಕಿಲ್ಲ ಅಂತ. ನಾವು ಕೇಳಿದ್ದಕ್ಕೆ ಸಿಕ್ಕ ಉತ್ತರ ಒಂದೇ ಮಾತು: "ಫೀಸಿಬಲ್ ಇಲ್ಲ." ಕಾರಣ ಯಾರ ತಪ್ಪೂ ಅಲ್ಲ, ತಾಮ್ರದ ಗುಣ. ಡಿ.ಎಸ್.ಎಲ್. ಬಳಸೋ ಎತ್ತರದ ಕಂಪನಗಳು ತಂತಿಯಲ್ಲಿ ದೂರ ಹೋದಷ್ಟೂ ಸೊರಗುತ್ತವೆ. ನಾಲ್ಕೈದು ಕಿಲೋಮೀಟರ್ ದಾಟಿದ ಮೇಲೆ ಉಳಿಯೋದು ಅಷ್ಟಕ್ಕಷ್ಟೆ. ನಮ್ಮ ಮನೆ ಎಕ್ಸ್‌ಚೇಂಜಿನಿಂದ ಏಳು ಕಿಲೋಮೀಟರ್. ಮಾತು ಬರುತ್ತೆ, ಬ್ರಾಡ್‌ಬ್ಯಾಂಡ್ ಬರಲ್ಲ. ದೇವರು ವರ ಕೊಟ್ಟರೂ ತಾಮ್ರ ಕೊಡಲಿಲ್ಲ!

* * *

ತಂತಿ ಎಳೆಯೋದು ಕಷ್ಟ ಅಂದಾಗ ಗಾಳಿಯನ್ನೇ ಯಾಕೆ ಬಳಸಬಾರದು ಅನ್ನೋ ಯೋಚನೆ ನಮ್ಮಲ್ಲೇ ಹುಟ್ಟಿತ್ತು. ಮದರಾಸಿನ ಐಐಟಿಯಲ್ಲಿ ಅಶೋಕ್ ಝುನ್‌ಝುನ್‌ವಾಲಾ ಮತ್ತು ಅವರ ಜೊತೆಯವರು ತೊಂಬತ್ತರ ದಶಕದಲ್ಲಿ ಕಾರ್‌ಡೆಕ್ಟ್ ಅಂತ ಒಂದು ವ್ಯವಸ್ಥೆ ಮಾಡಿದರು. ಮನೆಯ ಮೇಲೊಂದು ಆಂಟೆನಾ, ಅದರಲ್ಲಿ ಫೋನೂ ಬರುತ್ತೆ, 35 ಅಥವಾ 70 ಕೆಬಿಪಿಎಸ್ ಇಂಟರ್‌ನೆಟ್ಟೂ ಬರುತ್ತೆ. ಇಂಥದ್ದಕ್ಕೆಲ್ಲ ಒಟ್ಟಾಗಿ ಇಟ್ಟ ಹೆಸರು ಡಬ್ಲ್ಯುಎಲ್ಎಲ್. ಕೊನೆಯ ಮೈಲಿಯ ತಂತಿಯ ಬದಲು ರೇಡಿಯೋ.

2001ರ ಜನವರಿಯಲ್ಲಿ ಸರ್ಕಾರ ಈ ಡಬ್ಲ್ಯುಎಲ್ಎಲ್ ಫೋನುಗಳಿಗೆ ಸ್ವಲ್ಪ ಓಡಾಟಕ್ಕೂ ಅನುಮತಿ ಕೊಟ್ಟಿತು. ಜಿ.ಎಸ್.ಎಂ. ಕಂಪನಿಗಳು ಇದು ಹಿಂಬಾಗಿಲಿನಿಂದ ಬಂದ ಮೊಬೈಲು ಅಂತ ಜಗಳಕ್ಕೆ ನಿಂತವು. ಜಗಳ ನಡೀತಿರುವಾಗಲೇ, 2002ರ ಡಿಸೆಂಬರ್ 28ರಂದು ರಿಲಯನ್ಸ್ ತನ್ನ ಸಿ.ಡಿ.ಎಂ.ಎ. ಸೇವೆ ಶುರು ಮಾಡಿತು. ಮಾರನೇ ವರ್ಷದ ಮಳೆಗಾಲದಲ್ಲಿ 501 ರೂಪಾಯಿ ಕಟ್ಟಿ ಫೋನ್ ತಗೊಂಡು ಹೋಗಿ ಅಂದಿತು. 2003ರ ನವೆಂಬರಿನಲ್ಲಿ ಏಕೀಕೃತ ಲೈಸೆನ್ಸ್ ಬಂದು ಜಗಳ ಒಂದು ಹಂತಕ್ಕೆ ಮುಗೀತು.

ಮಾತಿನ ದರದ ಗಲಾಟೆಯಲ್ಲಿ ನಾವು ಗಮನಿಸದೇ ಇದ್ದ ವಿಷಯ ಒಂದಿತ್ತು. ಸಿ.ಡಿ.ಎಂ.ಎ. ಫೋನಿಗೆ ಒಂದು ಡೇಟಾ ಕೇಬಲ್ ಸಿಕ್ಕಿಸಿ ಕಂಪ್ಯೂಟರಿಗೆ ಹಾಕಿ #777 ಅಂತ ಡಯಲ್ ಮಾಡಿದರೆ ಇಂಟರ್‌ನೆಟ್ ಬರುತ್ತಿತ್ತು. ಕಾಗದದ ಮೇಲೆ 144 ಕೆಬಿಪಿಎಸ್. ಡಯಲಪ್ಪಿನ ಎರಡೂವರೆ ಪಟ್ಟು, ತಂತಿಯಿಲ್ಲದೆ! ಕ್ವಾಲ್‌ಕಾಮ್ ಬೆಳೆಸಿದ ಈ ತಂತ್ರಜ್ಞಾನ ನಮ್ಮಲ್ಲಿ ಓಡುತ್ತಿದ್ದದ್ದು 800 ಮೆಗಾಹರ್ಟ್ಸ್ ಪಟ್ಟಿಯಲ್ಲಿ. ಕಂಪನ ಕಡಿಮೆ ಇದ್ದಷ್ಟೂ ಅಲೆ ದೂರ ಹೋಗುತ್ತೆ, ಕಾಡಿನ ಎಲೆ, ಮನೆಯ ಗೋಡೆ ದಾಟುವಾಗ ಕಡಿಮೆ ಸುಸ್ತಾಗುತ್ತೆ. ಆಮೇಲೆ ಬಂದ 3ಜಿ ಶುರುವಾಗಿದ್ದು 2100 ಮೆಗಾಹರ್ಟ್ಸಿನಲ್ಲಿ, ಅದು ಪೇಟೆಯ ಅಲೆ. ಮಲೆನಾಡಿನ ಕಣಿವೆಯ ಮನೆಗಳಿಗೆ ಮೊದಲು ಮುಟ್ಟಿದ್ದು ಈ 800ರ ಅಲೆ ಯಾಕೆ ಅಂದರೆ ಇದೇ ಕಾರಣ.

* * *

ಇನ್ನು ಯು.ಎಸ್.ಬಿ. 1996ರ ಜನವರಿಯಲ್ಲಿ ಅದರ ಮೊದಲ ಆವೃತ್ತಿ ಹೊರಬಿತ್ತು. ಇಂಟೆಲ್ಲಿನಲ್ಲಿದ್ದ ಅಜಯ್ ಭಟ್, ಬರೋಡಾದಲ್ಲಿ ಓದಿ ಹೋದವರು, ಅದರ ಶಿಲ್ಪಿಗಳಲ್ಲಿ ಒಬ್ಬರು. ಪ್ರಿಂಟರಿಗೊಂದು ತೂತು, ಮೌಸಿಗೊಂದು ತೂತು, ಮಾಡೆಮ್ಮಿಗೊಂದು ತೂತು ಅಂತಿದ್ದದ್ದನ್ನೆಲ್ಲ ಒಂದೇ ಮಾಡಿದ್ದು ದೊಡ್ಡ ಕೆಲಸ. ಅದಕ್ಕಿಂತ ದೊಡ್ಡದು, ಅದೇ ತೂತಿನಲ್ಲಿ ಕರೆಂಟೂ ಬರುತ್ತಿತ್ತು. 5 ವೋಲ್ಟ್, 500 ಮಿಲಿಆಂಪ್, ಒಟ್ಟು ಎರಡೂವರೆ ವ್ಯಾಟ್. ಒಂದು ಮೊಬೈಲಿನ ಒಳಗಿರೋ ರೇಡಿಯೋವನ್ನು ಬ್ಯಾಟರಿಯಿಲ್ಲದೆ, ಪರದೆಯಿಲ್ಲದೆ ಬದುಕಿಸಲು ಅಷ್ಟು ಸಾಕು.

2006ರಲ್ಲಿ ಚೀನಾದ ಹ್ವಾವೇ ಕಂಪನಿ ಇ220 ಅಂತ ಒಂದು ಮಾಡೆಮ್ ತಂತು. ನೋಡೋಕೆ ಮೌಸಿನ ಹಾಗೆ ಗುಂಡಗೆ. ಅದರ ಜಾಣ್ಮೆ ಏನು ಗೊತ್ತಾ? ಡ್ರೈವರಿನ ಸಿಡಿ ಬೇರೆ ಕೊಡೋ ಬದಲು ಮಾಡೆಮ್ಮಿನ ಒಳಗೇ ಅದನ್ನು ತುಂಬಿದ್ದರು. ಸಿಕ್ಕಿಸಿದ ಕೂಡಲೇ ಅದು "ನಾನೊಂದು ಸಿಡಿ ಡ್ರೈವು" ಅಂತ ಕಂಪ್ಯೂಟರಿಗೆ ಸುಳ್ಳು ಹೇಳುತ್ತಿತ್ತು. ಕಂಪ್ಯೂಟರ್ ಆ ಸಿಡಿ ಓಡಿಸಿ ಡ್ರೈವರ್ ಹಾಕಿಕೊಂಡ ಮೇಲೆ ವೇಷ ಕಳಚಿ "ನಾನು ಮಾಡೆಮ್ಮು" ಅನ್ನುತ್ತಿತ್ತು. ಆಮೇಲೆ ಬಂದ ಬಹುಪಾಲು ಡಾಂಗಲ್ಲುಗಳು ಇದೇ ದಾರಿ ಹಿಡಿದವು. ವಿಂಡೋಸಿಗೆ ಇದು ಸುಖ. ಲಿನಕ್ಸ್ ಬಳಸುವವರಿಗೆ ಮಾತ್ರ ಆ ಸಿಡಿ ವೇಷ ಕಳಚೋದೇ ಇಲ್ಲ! ಅದಕ್ಕೆಂದೇ ಯುಎಸ್‌ಬಿ ಮೋಡ್‌ಸ್ವಿಚ್ ಅನ್ನೋ ಪುಟ್ಟ ತಂತ್ರಾಂಶ ಹುಟ್ಟಿತು. ಉಬುಂಟು ಹಾಕಿಕೊಂಡು ಒದ್ದಾಡಿದವರಿಗೆ ಆ ಹೆಸರು ಕೇಳಿದರೆ ಈಗಲೂ ಒಂದು ನಿಟ್ಟುಸಿರು ಬರುತ್ತೆ.

ಡಾಂಗಲ್ ಅನ್ನೋ ಹೆಸರಿನ ಬಗ್ಗೆ ಒಂದು ತಮಾಷೆ. ಮೊದಲು ಈ ಹೆಸರು ಇದ್ದದ್ದು ಮಾಡೆಮ್ಮಿಗಲ್ಲ. ಎಂಬತ್ತರ ದಶಕದಲ್ಲಿ ದುಬಾರಿ ಸಾಫ್ಟ್‌ವೇರನ್ನು ಕದಿಯದ ಹಾಗೆ ಕಂಪ್ಯೂಟರಿನ ಹಿಂದೆ ಸಿಕ್ಕಿಸುತ್ತಿದ್ದ ಬೀಗದಂಥ ತುಂಡಿಗೆ ಡಾಂಗಲ್ ಅನ್ನುತ್ತಿದ್ದರು. ಡಾನ್ ಗಾಲ್ ಅನ್ನೋ ಒಬ್ಬ ಅದನ್ನು ಕಂಡುಹಿಡಿದ, ಅದಕ್ಕೇ ಆ ಹೆಸರು ಅಂತ ಒಂದು ಕತೆ ಓಡಾಡುತ್ತೆ. ಆ ಕತೆಯ ಮೂಲ 1992ರಲ್ಲಿ ಒಂದು ಕಂಪನಿ ಹಾಕಿದ್ದ ಜಾಹೀರಾತು. ಅಂಥ ಮನುಷ್ಯನೇ ಇರಲಿಲ್ಲ. ನಮ್ಮ ಸ್ಥಳಪುರಾಣಗಳ ಹಾಗೇ ಇಂಗ್ಲಿಷಿನವರಿಗೂ ಇವೆ ನೋಡಿ.

* * *

ಈಗ ನನ್ನ ಕತೆ.

2009ರ ಜೂನ್. ಅಪ್ಪ ತೋಟದ ಸಂಕದ ಮೇಲೆ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ಆಪರೇಷನ್ ಆಯ್ತು, ಮೂರು ತಿಂಗಳು ನೆಲಕ್ಕೆ ಕಾಲು ಊರುವ ಹಾಗಿಲ್ಲ. ಅಮ್ಮ ಒಬ್ಬಳೇ. ಮಳೆಗಾಲ ಅಂದರೆ ಕೊಳೆರೋಗದ ಕಾಲ. ಮೈಲುತುತ್ತ, ಸುಣ್ಣ ಕದಡಿ ಬೋರ್ಡೋ ಹೊಡೆಸದಿದ್ದರೆ ಆ ವರ್ಷದ ಅಡಿಕೆ ನೆಲದ ಪಾಲು. ಮರ ಹತ್ತುವವರನ್ನು ಹಿಡಿದು ತರೋದು, ಮಳೆ ಬಿಟ್ಟ ಎರಡು ಗಂಟೆಯಲ್ಲಿ ಕೆಲಸ ಮುಗಿಸೋದು, ಇದಕ್ಕೆಲ್ಲ ಮನೆಯಲ್ಲಿ ಜನ ಬೇಕು.

ನಾನಾಗ ಬೆಂಗಳೂರಿನಲ್ಲಿ ಸಾಫ್ಟ್‌ವೇರಿನ ಕೈಪಿಡಿಗಳನ್ನು ಬರೆಯೋ ಕೆಲಸದಲ್ಲಿದ್ದೆ. ಹಿಂದಿನ ವರ್ಷದ ಆರ್ಥಿಕ ಕುಸಿತ ಇನ್ನೂ ಬಿಸಿಯಾಗಿತ್ತು. ಪಕ್ಕದ ಕುರ್ಚಿಗಳು ಒಂದೊಂದೇ ಖಾಲಿ ಆಗಿದ್ದನ್ನು ನೋಡಿದ್ದೆ. ಬಾಸ್ ಒಳ್ಳೆಯ ಮನುಷ್ಯ, ಆದರೆ ಅವರ ಮೇಲೂ ಒಬ್ಬರಿದ್ದರು.

"ದಿನಾ ಸಂಜೆ ಆರರೊಳಗೆ ಫೈಲು ಬಂದರೆ ನೀವು ಎಲ್ಲಿ ಕೂತಿದ್ದೀರಿ ಅಂತ ನಾನು ಕೇಳಲ್ಲ. ಬರಲಿಲ್ಲ ಅಂದರೆ ರಜೆ ಅಂತ ಬರೀಬೇಕಾಗುತ್ತೆ. ರಜೆ ಮುಗಿದ ಮೇಲೆ ನನ್ನ ಕೈಲಿಲ್ಲ" ಅಂದರು.

ನನ್ನ ರಜೆ ಉಳಿದಿದ್ದು ಒಂಬತ್ತು ದಿನ.

ಆಫೀಸಿನ ಲ್ಯಾಪ್‌ಟಾಪ್ ಹೊತ್ತುಕೊಂಡು ಸಾಗರದಲ್ಲಿ ಬಸ್ಸಿಳಿದವನೇ ಒಂದು ಮೊಬೈಲ್ ಅಂಗಡಿಗೆ ಹೋದೆ. ಅಂಗಡಿಯ ಹುಡುಗ "ನಿಮ್ಮೂರಲ್ಲಿ ಟವರ್ ಸಿಗ್ತದಾ ಸಾರ್?" ಅಂದ. "ಗುಡ್ಡದ ಮೇಲೆ ಸಿಗ್ತದೆ" ಅಂದೆ. "ಮನೇಲಿ?" ಅಂದ. ನಾನು ಉತ್ತರ ಕೊಡದೆ ದುಡ್ಡು ಕೊಟ್ಟೆ. ಸಿ.ಡಿ.ಎಂ.ಎ. ಡಾಂಗಲ್ಲು. ಸಿಮ್ ಹಾಕೋ ಜಾಗವೇ ಇಲ್ಲ, ನಂಬರನ್ನು ಒಳಗೇ ಬರೆದು ಕೊಡ್ತಿದ್ದರು. ಕಂಪನಿಯ ಹೆಸರು ಬೇಡ, ಅದು ಈಗ ನೆನಪಷ್ಟೇ.

ಮನೆಗೆ ಬಂದು ಜಗಲಿಯಲ್ಲಿ ಕೂತು ಸಿಕ್ಕಿಸಿದೆ. ಸಿಡಿಯ ವೇಷ ಬಂತು, ಡ್ರೈವರ್ ಕೂತಿತು, ಪರದೆಯ ಮೇಲೆ ಕನೆಕ್ಟ್ ಅನ್ನೋ ಗುಂಡಿ ಬಂತು. ಒತ್ತಿದೆ. ಎರರ್ 678. ಆ ಕಡೆಯ ಕಂಪ್ಯೂಟರ್ ಉತ್ತರ ಕೊಡುತ್ತಿಲ್ಲ ಅಂತ ಅರ್ಥ. ಡಾಂಗಲ್ಲಿನ ಮೂತಿಯಲ್ಲಿ ಕೆಂಪು ದೀಪ. ಹಸಿರು ಬಂದರೆ ಟವರ್ ಸಿಕ್ಕಿತು ಅಂತ. ಬರಲೇ ಇಲ್ಲ.

ನಮ್ಮ ಮನೆ ಇರೋದು ಕಣಿವೆಯ ತಳದಲ್ಲಿ. ಗೋಡೆ ಒಂದೂವರೆ ಅಡಿ ದಪ್ಪದ ಜಂಬಿಟ್ಟಿಗೆ. ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ ಆರತಿ ತಟ್ಟೆಯ ಹಾಗೆ ಹಿಡಿದುಕೊಂಡು ಮನೆಯೆಲ್ಲ ತಿರುಗಿದೆ. ಅಡುಗೆಮನೆ ಇಲ್ಲ, ದೇವರಮನೆ ಇಲ್ಲ, ಕೊಟ್ಟಿಗೆಯ ಬಾಗಿಲಲ್ಲಿ ಒಂದು ಸಲ ಹಸಿರು ಮಿನುಗಿ ಹೋಯ್ತು. ಅಪ್ಪ ಮಂಚದ ಮೇಲಿಂದಲೇ ನೋಡ್ತಿದ್ದವರು, "ಎಂತ ಮಾರಾಯ, ದನಕ್ಕೂ ಇಂಟರ್‌ನೆಟ್ ತೋರಿಸ್ತ್ಯ?" ಅಂದರು.

ಮಾರನೇ ದಿನ ಪೇಟೆಗೆ ಹೋಗಿ ಯು.ಎಸ್.ಬಿ. ಎಕ್ಸ್‌ಟೆನ್ಷನ್ ಕೇಬಲ್ ಎರಡು ತಂದೆ. ಮೂರು ಮೀಟರಿನವು. ಎರಡನ್ನೂ ಜೋಡಿಸಿ ಕಿಟಕಿಯಿಂದ ಹೊರಗೆ ಕೋಲಿಗೆ ಕಟ್ಟಿದೆ. ಡಾಂಗಲ್ಲು ಒಂದು ನಿಮಿಷ ಬದುಕಿ, ಸತ್ತು, ಮತ್ತೆ ಬದುಕಿ... ಕಾರಣ ಆಮೇಲೆ ತಿಳೀತು. ಯು.ಎಸ್.ಬಿ. ಕೇಬಲ್ಲಿಗೆ 5 ಮೀಟರಿನ ಮಿತಿ ಇದೆ. ಅದಕ್ಕಿಂತ ಮುಖ್ಯವಾಗಿ, ಅಗ್ಗದ ಸಣ್ಣ ತಂತಿಯಲ್ಲಿ ಹೋಗ್ತಾ ಹೋಗ್ತಾ 5 ವೋಲ್ಟು ಇಳಿಯುತ್ತೆ. ರೇಡಿಯೋ ಜೋರಾಗಿ ಕೂಗಬೇಕಾದಾಗಲೇ ಅದಕ್ಕೆ ಊಟ ಸಾಲಲ್ಲ. ಒಂದು ಕೇಬಲ್ ತೆಗೆದೆ.

ಆಮೇಲೆ ಜರಡಿ ಪ್ರಯೋಗ. ಲೋಹದ ಜರಡಿಯ ನಡುವೆ ಡಾಂಗಲ್ಲು ಕಟ್ಟಿದರೆ ಡಿಶ್ ಆಂಟೆನಾ ಆಗುತ್ತೆ ಅಂತ ಎಲ್ಲರೂ ಹೇಳ್ತಿದ್ದ ಕಾಲ ಅದು. ಅಮ್ಮನ ಹಿಟ್ಟಿನ ಜರಡಿ ಎರಡು ದಿನ ಕಿಟಕಿಯಲ್ಲಿ ನೇತಾಡಿತು. ಏನೂ ಆಗಲಿಲ್ಲ. ಆಗೋದೂ ಇಲ್ಲ. 800 ಮೆಗಾಹರ್ಟ್ಸ್ ಪಟ್ಟಿಯ ಅಲೆಯ ಉದ್ದ ಸುಮಾರು 35 ಸೆಂಟಿಮೀಟರ್. ಅದನ್ನು ಹಿಡಿದು ಒಂದು ಕಡೆ ಸೇರಿಸಲು ಬೇಕಾದ ಬಟ್ಟಲು ಅಲೆಗಿಂತ ಎಷ್ಟೋ ಪಟ್ಟು ಅಗಲ ಇರಬೇಕು. ನಮ್ಮ ಜರಡಿ ಅಲೆಗಿಂತಲೂ ಚಿಕ್ಕದು. ಈ ಲೆಕ್ಕ ಗೊತ್ತಾಗೋ ಹೊತ್ತಿಗೆ ಜರಡಿಗೆ ತುಕ್ಕು ಹಿಡಿದಿತ್ತು, ಅಮ್ಮನ ಹತ್ತಿರ ಬೈಸಿಕೊಂಡೂ ಆಗಿತ್ತು.

ರಜೆಯ ಆರನೇ ದಿನ. ಬೋರ್ಡೋ ಹೊಡೆಯೋ ದೋಟಿಯ ಪೈಪ್ ಹುಡುಕೋಕೆ ಅಟ್ಟ ಹತ್ತಿದ್ದೆ. ಜೇಬಲ್ಲಿದ್ದ ಮೊಬೈಲ್ ಟಿಣ್ ಅಂತು. ಮೂರು ದಿನದಿಂದ ಬರಬೇಕಿದ್ದ ಮೆಸೇಜುಗಳು ಒಟ್ಟಿಗೆ ಬಂದವು! ಕೆಳಗೆ ಓಡಿ ಲ್ಯಾಪ್‌ಟಾಪ್ ತಂದೆ. ಗಾಜಿನ ಹೆಂಚಿನ ಪಕ್ಕದ ಪಕಾಸಿಗೆ ಡಾಂಗಲ್ಲು ಕಟ್ಟಿದೆ. ಕೆಂಪು... ಕೆಂಪು... ಹಸಿರು. ಕನೆಕ್ಟ್ ಒತ್ತಿದೆ. ಕೂತಿತು.

ಮೇಲೆ ಗೋಡೆ ಇಲ್ಲ, ಬರೀ ಹೆಂಚು. ಹತ್ತು ಅಡಿ ಎತ್ತರ ಸಿಕ್ಕಿದ್ದರಿಂದ ಎದುರಿನ ದಿಣ್ಣೆಯ ಮೇಲಿಂದ ಟವರಿನ ಅಲೆ ಇಣುಕುವಷ್ಟಾಗಿತ್ತು. ಅಷ್ಟೇ ವಿಜ್ಞಾನ.

ಮೂರು ತಿಂಗಳು ನನ್ನ ಆಫೀಸು ಆ ಅಟ್ಟ. ಒಂದು ಕಡೆ ಅಡಿಕೆ ಮೂಟೆ, ಒಂದು ಕಡೆ ಬಾಗಿನದ ಹಳೇ ಮೊರಗಳು, ನಡುವೆ ಮಣೆ ಹಾಕಿಕೊಂಡು ನಾನು. ತಲೆ ಎತ್ತಿದರೆ ಹೆಂಚು ತಾಗುತ್ತೆ. ಮಳೆ ಹೊಡೆದರೆ ಕಿವಿ ಕೇಳಲ್ಲ. ಕರೆಂಟ್ ಹೋದರೆ ಬ್ಯಾಟರಿ ಎರಡು ಗಂಟೆ, ಅಷ್ಟರಲ್ಲಿ ಮುಗಿಸಬೇಕು. ಕಾಗದದ ಮೇಲಿನ 144 ನನಗೆ ನಿಜದಲ್ಲಿ 60ರ ಆಸುಪಾಸು. 3 ಎಂಬಿ ಫೈಲು ಹೋಗೋಕೆ ಏಳು ನಿಮಿಷ. ಆರನೇ ನಿಮಿಷಕ್ಕೆ ಲೈನ್ ಕಡಿದರೆ ಮೊದಲಿಂದ. ಕೊನೆಗೆ ಫೈಲನ್ನು ಅರ್ಧರ್ಧ ಎಂಬಿಯ ತುಂಡು ಮಾಡಿ ಕಳಿಸೋದು ಕಲಿತೆ. ಬೆಳಗ್ಗೆ ತೋಟ, ಮಧ್ಯಾಹ್ನ ಅಟ್ಟ. ಸಂಜೆ ಐದೂವರೆಗೆ ಅಮ್ಮ ಕೆಳಗಿನಿಂದ "ಹೋಯ್ತೇನೋ?" ಅಂತ ಕೂಗ್ತಿದ್ದಳು. "ಹೋಯ್ತು" ಅಂದ ಮೇಲೇ ಕಾಫಿಗೆ ಇಡ್ತಿದ್ದದ್ದು.

ಎರಡನೇ ತಿಂಗಳು ಬಿಲ್ಲು ಬಂತು. ಅನ್‌ಲಿಮಿಟೆಡ್ ಅಂತ ಅಂಗಡಿಯಲ್ಲಿ ಹೇಳಿದ್ದಕ್ಕೆ ಸಣ್ಣ ಅಕ್ಷರದಲ್ಲಿ ಒಂದು ಮಿತಿ ಇತ್ತಂತೆ, ಅದನ್ನು ದಾಟಿದ್ದಕ್ಕೆ ಎಂಬಿ ಲೆಕ್ಕದಲ್ಲಿ ಹಾಕಿದ್ದರು. ಡಾಂಗಲ್ಲಿಗೆ ಕೊಟ್ಟ ದುಡ್ಡಿಗಿಂತ ಜಾಸ್ತಿ. ಅಪ್ಪನಿಗೆ ಹೇಳಲಿಲ್ಲ, ಕಟ್ಟಿದೆ. ಕೆಲಸ ಉಳೀತು. ಆ ವರ್ಷ ಕೊಳೆಯೂ ನಮ್ಮ ತೋಟದಲ್ಲಿ ಕಡಿಮೆ. ಸೆಪ್ಟೆಂಬರಿನಲ್ಲಿ ಅಪ್ಪ ಕೋಲೂರಿಕೊಂಡು ಅಂಗಳಕ್ಕೆ ಬಂದರು.

* * *

ನಾನು ಅಟ್ಟದಲ್ಲಿ 60 ಕೆಬಿಪಿಎಸ್ ಎಣಿಸ್ತಿರೋ ಹೊತ್ತಿಗೆ ಹೊರಗಿನ ಲೋಕ ಮುಂದಕ್ಕೆ ಓಡ್ತಿತ್ತು. ಪೇಟೆಗಳಲ್ಲಿ 3.1 ಎಂಬಿಪಿಎಸ್ಸಿನ ಇ.ವಿ.ಡಿ.ಓ. ಡಾಂಗಲ್ಲುಗಳು ಬಂದವು. ಟಾಟಾದ ಫೋಟಾನ್ ಪ್ಲಸ್, ರಿಲಯನ್ಸಿನ ನೆಟ್‌ಕನೆಕ್ಟ್, ಎಂಟಿಎಸ್‌ನ ಎಂಬ್ಲೇಜ್. ಕಾಗದದ ಮೇಲಿನ ವೇಗವನ್ನೇ ಹಿಡಿದು ಒಂದು ಲೆಕ್ಕ ಹಾಕಿ ನೋಡಿ. ಒಂದು ಜಿಬಿ ತರೋಕೆ ಬೆಲ್ 103ಕ್ಕೆ 308 ದಿನ ಬೇಕು. 56ರ ಡಯಲಪ್ಪಿಗೆ ಸುಮಾರು 40 ಗಂಟೆ. 144ಕ್ಕೆ ಹದಿನೈದೂವರೆ ಗಂಟೆ. ಇ.ವಿ.ಡಿ.ಓ.ಗೆ 43 ನಿಮಿಷ.

2010ರ ಏಪ್ರಿಲ್ 9ರಿಂದ 3ಜಿ ಹರಾಜು. 34 ದಿನದ ಕೂಗಾಟ, 183 ಸುತ್ತು, ಮೇ 19ಕ್ಕೆ ಮುಗಿದಾಗ ಸರ್ಕಾರಕ್ಕೆ 67,719 ಕೋಟಿ ರೂಪಾಯಿ. ಕಂಪನಿಗಳು ಅಷ್ಟು ದುಡ್ಡು ಸುರಿದದ್ದರ ಹಿಂದೆ ಈ ಡಾಂಗಲ್ಲು ಮಾರುವ ಆಸೆಯೂ ಇತ್ತು. ತಮಾಷೆ ನೋಡಿ, ಅದರ ಮರುದಿನವೇ, ಮೇ 20ರಂದು, ಗೂಗಲ್ ಆಂಡ್ರಾಯ್ಡಿನ 2.2 ಆವೃತ್ತಿ ಫ್ರೋಯೋ ತೋರಿಸಿತು. ಫೋನನ್ನೇ ವೈಫೈ ಹಾಟ್‌ಸ್ಪಾಟ್ ಮಾಡೋ ಸೌಲಭ್ಯ ಆಂಡ್ರಾಯ್ಡಿಗೆ ಬಂದಿದ್ದು ಅದರಲ್ಲಿ. ಡಾಂಗಲ್ಲಿನ ದೊಡ್ಡ ಹಬ್ಬದ ಮಾರನೇ ದಿನವೇ ಅದರ ಮರಣಪತ್ರ ಬರೆದ ಹಾಗಾಯ್ತು. ಆಗ ಯಾರಿಗೂ ಹಾಗನ್ನಿಸಲಿಲ್ಲ.

2011ರ ಜನವರಿಯಲ್ಲಿ ಏರ್‌ಟೆಲ್ ತನ್ನ 3ಜಿಯನ್ನು ಬೆಂಗಳೂರಿನಿಂದ ಶುರು ಮಾಡಿತು. 2012ರ ಏಪ್ರಿಲಿನಲ್ಲಿ ದೇಶದ ಮೊದಲ 4ಜಿ ಕೋಲ್ಕತ್ತದಲ್ಲಿ, ಮುಂದಿನ ತಿಂಗಳು ಬೆಂಗಳೂರಿನಲ್ಲಿ. ಅದೂ ಮೊದಲು ಬಂದದ್ದು ಡಾಂಗಲ್ಲಿನ ರೂಪದಲ್ಲೇ. 2016ರ ಸೆಪ್ಟೆಂಬರ್ 5ಕ್ಕೆ ಜಿಯೋ ಬಂತು. ಫೋನಿನಲ್ಲೇ ದಿನಕ್ಕೆ ಜಿಬಿ ಲೆಕ್ಕದಲ್ಲಿ ಸಿಗೋವಾಗ ಡಾಂಗಲ್ಲು ಯಾರಿಗೆ ಬೇಕು? ಆಸುಪಾಸಿನಲ್ಲೇ ಸಿ.ಡಿ.ಎಂ.ಎ. ಸೇವೆಗಳೂ ಒಂದೊಂದಾಗಿ ನಿಂತವು.

ಅದಕ್ಕೇ ನಮ್ಮ ಡ್ರಾಯರಿನ ಡಾಂಗಲ್ಲು ಕೆಟ್ಟಿಲ್ಲ, ಆದರೂ ಸತ್ತಿದೆ. ಅದಕ್ಕೆ ಉತ್ತರ ಕೊಡೋ ಟವರೇ ಲೋಕದಲ್ಲಿಲ್ಲ. ಬೇರೆ ಸಿಮ್ ಹಾಕೋಣ ಅಂದರೆ ಜಾಗವಿಲ್ಲ. ಹಳೇ ರೇಡಿಯೋ ಆದರೆ ಇವತ್ತೂ ಧಾರವಾಡ ಹಿಡಿಯುತ್ತೆ, ಇದು ಹತ್ತು ವರ್ಷವೂ ಬಾಳದ ಜಾತಿ.

* * *

2020ರ ಲಾಕ್‌ಡೌನಿನಲ್ಲಿ ಮಲೆನಾಡಿನ ಮಕ್ಕಳು ಆನ್‌ಲೈನ್ ಕ್ಲಾಸಿಗೆ ಅಂತ ಕೊಡೆ ಹಿಡಿದುಕೊಂಡು ಗುಡ್ಡ ಹತ್ತಿ ಕೂತ ಚಿತ್ರಗಳು ಪೇಪರಿನಲ್ಲಿ ಬಂದವು. ನೆಟ್‌ವರ್ಕ್ ಇಲ್ಲದಿದ್ದರೆ ಓಟಿಲ್ಲ ಅಂತ ಬೋರ್ಡು ಹಾಕಿದ ಊರುಗಳೂ ಇದ್ದವು. ಅದನ್ನು ನೋಡಿ ಪೇಟೆಯ ಗೆಳೆಯರು "ಪಾಪ" ಅಂದರು. ನನಗೆ ನೆನಪಾಗಿದ್ದು ಅಟ್ಟ. ಹನ್ನೊಂದು ವರ್ಷದ ಹಿಂದೆ ನನ್ನ ತೊಂದರೆ ಏನಿತ್ತೋ ಅದೇ ತೊಂದರೆ ಆ ಮಕ್ಕಳದ್ದು. ಕಣಿವೆ ಅದೇ, ದಿಣ್ಣೆ ಅದೇ. 2023ರಲ್ಲಿ ಸರ್ಕಾರ ಬ್ರಾಡ್‌ಬ್ಯಾಂಡ್ ಅಂದರೆ ಕನಿಷ್ಠ 2 ಎಂಬಿಪಿಎಸ್ ಅಂತ ತಿದ್ದಿ ಬರೆಯಿತು. ಬರೆದ ಅಂಕಿ ಎಂಟು ಪಟ್ಟು ಬೆಳೆದಿದೆ. ಕಣಿವೆಯ ತಳಕ್ಕೆ ಅದು ಇಳಿದಿದೆಯಾ ಅನ್ನೋದು ಬೇರೆ ಪ್ರಶ್ನೆ.

ಊರಲ್ಲೇ ಇದ್ದು ಬದುಕಬಹುದಾ, ಅಪ್ಪ-ಅಮ್ಮನಿಗೆ ಬೇಕಾದಾಗ ಬಂದಿರಬಹುದಾ ಅನ್ನೋದನ್ನು ನಮ್ಮ ಪ್ರೀತಿ ಒಂದೇ ತೀರ್ಮಾನ ಮಾಡೋದಿಲ್ಲ. ಆ ವರ್ಷ ನನಗೆ ಅದನ್ನು ತೀರ್ಮಾನ ಮಾಡಿದ್ದು ಹತ್ತು ಅಡಿ ಎತ್ತರ ಮತ್ತು ಒಂದು ಹಸಿರು ದೀಪ. ಆ ದೀಪ ಹತ್ತದೇ ಹೋದ ಮನೆಗಳು ಎಷ್ಟಿದ್ದವೋ.

ಅಕ್ಕನ ಮಗಳು ಕತೆಯೆಲ್ಲ ಕೇಳಿ, ಡಾಂಗಲ್ಲನ್ನು ತನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿದಳು. ಸಿಡಿ ಡ್ರೈವಿನ ವೇಷದಲ್ಲಿ ಬಂತು, ಅದನ್ನು ಮರೆತಿರಲಿಲ್ಲ! ಆಮೇಲೆ ಕೆಂಪು ದೀಪ ಹತ್ತಿತು. ಟವರ್ ಹುಡುಕ್ತಾ ಇದೆ.

"ಇನ್ನೂ ಹುಡುಕ್ತಾ ಇದೆ ಮಾವ" ಅಂದಳು. ಸ್ವಲ್ಪ ಹೊತ್ತು ಇಬ್ಬರೂ ಅದನ್ನೇ ನೋಡಿದೆವು. ಆಮೇಲೆ ತೆಗೆದು, ಒರೆಸಿ, ಕತ್ತಿ-ಕುಡುಗೋಲಿನ ಪಕ್ಕ ಇಟ್ಟೆ. ಅಮ್ಮ ಅದಕ್ಕೂ ಒಂದು ಕುಂಕುಮದ ಬೊಟ್ಟು ಇಟ್ಟಳು.

ನಿಮ್ಮನೆಯ ಡ್ರಾಯರಿನಲ್ಲೂ ಒಂದು ಇರಬೇಕು. ಹುಡುಕಿ ನೋಡಿ.